ಸಿನಿಮಾ ಹೆಸರಿಗೆ ಕಾಪಿರೈಟ್ ಸಿಗುತ್ತಾ?

ಪ್ರಶ್ನೆ: ಬೆಂಗಳೂರಿನಲ್ಲಿ ಕೆಲಸ ಮಾಡುತ್ತಾ ಬಿಡುವಿನಲ್ಲಿ ಒಂದು ಸ್ಕ್ರಿಪ್ಟ್ ಬರೆಯುತ್ತಿದ್ದೇನೆ. ಒಳ್ಳೆಯ ಹೆಸರು ಹೊಳೆದಿದೆ. ಯಾರಿಗಾದರೂ ಹೇಳೋಕೆ ಭಯ. ಹೆಸರಿಗೆ ಕಾಪಿರೈಟ್ ಮಾಡಿಸಬಹುದಾ?

ಉತ್ತರ: ಇಲ್ಲ. ಬರೀ ಹೆಸರಿಗೆ ಕಾಪಿರೈಟ್ ಸಿಗುವುದಿಲ್ಲ. 1957ರ ಕಾಪಿರೈಟ್ ಕಾಯ್ದೆ ಕಾಪಾಡುವುದು ಕೃತಿಯನ್ನು. ಅಂದರೆ ಬರೆದ ಕಥೆ, ಚಿತ್ರಕಥೆ, ಹಾಡು, ತೆಗೆದ ಸಿನಿಮಾ. ಹೆಸರು ಆ ಕೃತಿಯ ಗುರುತು ಅಷ್ಟೇ.

2015ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು. 'ದೇಸಿ ಬಾಯ್ಸ್' ಅಂತ ಒಬ್ಬರು ಕಥೆಯ ಸಾರಾಂಶ ಬರೆದಿಟ್ಟಿದ್ದರು. 2011ರಲ್ಲಿ ಅದೇ ಹೆಸರಿನ ಹಿಂದಿ ಸಿನಿಮಾ ಬಂದಾಗ ದೂರು ಕೊಟ್ಟರು. ತಕರಾರು ಇದ್ದದ್ದು ಹೆಸರಿನ ಬಗ್ಗೆ. ಎಲ್ಲರೂ ಆಡುವ ಎರಡು ಪದ ಜೋಡಿಸಿದರೆ ಅದು ಒಬ್ಬರ ಸ್ವತ್ತಾಗುವುದಿಲ್ಲ ಎಂದ ಕೋರ್ಟ್, ದೂರನ್ನು ರದ್ದು ಮಾಡಿತು. ನನಗಂತೂ ಇದು ಸರಿ ಅನಿಸುತ್ತದೆ. 'ಮಳೆ', 'ಮನೆ' ಅಂತ ಪದಗಳಿಗೆ ಬೇಲಿ ಹಾಕುತ್ತಾ ಹೋದರೆ ಮುಂದೆ ಬರುವವರು ಏನು ಮಾಡಬೇಕು, ಅಲ್ವಾ?

ಹಾಗಾದರೆ ಗಾಂಧಿನಗರದಲ್ಲಿ 'ಟೈಟಲ್ ರಿಜಿಸ್ಟರ್ ಮಾಡಿಸಿದ್ದೀವಿ' ಅಂತಾರಲ್ಲ, ಅದೇನು? ಅದು ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯ ಕೆಲಸ. ಎಲ್ಲರ ಬಾಯಲ್ಲಿ ಅದು ಫಿಲ್ಮ್ ಚೇಂಬರ್. ಸದಸ್ಯರಾದ ನಿರ್ಮಾಪಕರು ತಮ್ಮ ಬ್ಯಾನರ್ ಹೆಸರಿನಲ್ಲಿ ಅಲ್ಲಿ ಟೈಟಲ್ ನೋಂದಾಯಿಸುತ್ತಾರೆ. ಅದೇ ಹೆಸರು, ಅಥವಾ ಅದನ್ನೇ ಹೋಲುವ ಹೆಸರು ಬೇರೆಯವರ ಬಳಿ ಇದೆಯಾ ಅಂತ ಮೊದಲು ನೋಡುತ್ತಾರೆ. ಇದು ಕಾನೂನು ಕೊಟ್ಟ ಹಕ್ಕಲ್ಲ. ಉದ್ಯಮದವರು ತಮ್ಮತಮ್ಮಲ್ಲಿ ಮಾಡಿಕೊಂಡ ಕಟ್ಟುಪಾಡು. ಆದರೂ ಅದಕ್ಕೆ ತೂಕ ಇದೆ, ಯಾಕೆಂದರೆ ನಾಳೆ ನಿಮ್ಮ ಸಿನಿಮಾ ಹಂಚುವವರು, ತೋರಿಸುವವರು ಇದೇ ಬಳಗದವರು. ನಿರ್ಮಾಪಕರು ಸಿಕ್ಕ ದಿನವೇ ಈ ಮಾತು ಎತ್ತಿ.

ಟ್ರೇಡ್‌ಮಾರ್ಕ್, ಅಂದರೆ ಹೆಸರನ್ನು ವ್ಯಾಪಾರದ ಗುರುತಾಗಿ ನೋಂದಾಯಿಸುವ ದಾರಿಯೂ ಇದೆ. ಆ ನೋಂದಣಿಯ ವರ್ಗಗಳ ಪಟ್ಟಿಯಲ್ಲಿ ಮನರಂಜನೆ ಬರುವುದು 41ನೇ ವರ್ಗದಲ್ಲಿ. ಭಾಗ ಒಂದು, ಭಾಗ ಎರಡು ಅಂತ ಸರಣಿ ಮಾಡುವವರಿಗೆ ಅದು ಸರಿ. ಒಂದೇ ಸಿನಿಮಾ ಆದರೆ, ಆ ಹೆಸರು ಕೇಳಿದ ಕೂಡಲೇ ಜನರಿಗೆ ನಿಮ್ಮ ಚಿತ್ರವೇ ನೆನಪಾಗುತ್ತದೆ ಅಂತ ಕೋರ್ಟಿನಲ್ಲಿ ತೋರಿಸಬೇಕಾಗುತ್ತದೆ. ಇನ್ನೂ ಶೂಟಿಂಗ್ ಆಗದ ಚಿತ್ರಕ್ಕೆ ಅದು ಬಹಳ ಕಷ್ಟ.

ಆದ್ದರಿಂದ ಮೊದಲು ಸ್ಕ್ರಿಪ್ಟ್ ಮುಗಿಸಿ. ಬರೆದ ಕ್ಷಣದಿಂದಲೇ ಅದರ ಕಾಪಿರೈಟ್ ನಿಮ್ಮದು. ನೋಂದಣಿ ಕಡ್ಡಾಯವಲ್ಲ, ಆದರೆ ಜಗಳ ಬಂದರೆ ಸಾಕ್ಷಿಯಾಗುತ್ತದೆ.

ಇನ್ನು ಹೆಸರಿನ ಮಾತು. ನಿಮ್ಮ ಕಥೆಗೆ ಮಾತ್ರ ಒಪ್ಪುವ ಹೆಸರನ್ನು ಬೇರೆಯವರು ತೆಗೆದುಕೊಂಡರೂ ಅವರಿಗೆ ಪ್ರಯೋಜನ ಕಡಿಮೆ. 2016ರ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ನೆನಪಿಸಿಕೊಳ್ಳಿ. ಪೇಪರಿನ 'ಕಾಣೆಯಾಗಿದ್ದಾರೆ' ಪ್ರಕಟಣೆಗಳಲ್ಲಿ ನಾವು ಸುಮ್ನೆ ದಾಟಿ ಹೋಗುತ್ತಿದ್ದ ಸಾಲು ಅದು. ಚಿತ್ರ ಇರುವುದು ಮರೆವಿನ ಕಾಯಿಲೆಯ ಅಪ್ಪ ಕಳೆದುಹೋಗುವುದರ ಬಗ್ಗೆ, ಅವರನ್ನು ಹುಡುಕುವ ಮಗನ ಬಗ್ಗೆ. ಮಗನಿಗೆ ಅಪ್ಪನ ಬಗ್ಗೆ ನಿಜಕ್ಕೂ ಎಷ್ಟು ಗೊತ್ತು? ಆ ನಾಲ್ಕು ಪದಗಳಷ್ಟೇನಾ? ಹೆಸರೇ ಆ ಪ್ರಶ್ನೆ ಕೇಳುತ್ತದೆ. ಅದೇ ಹೆಸರನ್ನು ರೌಡಿ ಸಿನಿಮಾಗೆ ಅಂಟಿಸಿದರೆ ಏನೂ ಉಳಿಯುವುದಿಲ್ಲ.

ಹೆಸರನ್ನು ಕನ್ನಡ ಅಕ್ಷರಗಳಲ್ಲಿ ದೊಡ್ಡದಾಗಿ ಬರೆದೂ ನೋಡಿ. ಒತ್ತಕ್ಷರ ಜಾಸ್ತಿ ಇದ್ದರೆ ಪೋಸ್ಟರಿನಲ್ಲಿ ಸಾಲಿನ ಕೆಳಗೆ ಹೆಚ್ಚು ಜಾಗ ಬೇಕು, ದೂರದಿಂದ ಓದುವುದೂ ಕಷ್ಟ. ಆಮೇಲೆ ನಂಬಿಕೆಯ ನಾಲ್ಕು ಜನರಿಗೆ ಹೇಳಿ, ಇದು ಯಾವ ಥರದ ಕಥೆ ಇರಬಹುದು ಅಂತ ಕೇಳಿ. ಒಂದು ವಾರ ಬಿಟ್ಟು ಮತ್ತೆ ಫೋನ್ ಮಾಡಿ, ಹೆಸರು ನೆನಪಿದೆಯಾ ಅಂತ ವಿಚಾರಿಸಿ.