ನಿದ್ದೆ ಮಾತ್ರೆ ತಗೊಂಡರೂ ನಿದ್ದೆ ಬರ್ತಿಲ್ಲ, ಏನು ಮಾಡಲಿ?

ಓದುಗರ ಪ್ರಶ್ನೆ: ಐದು ತಿಂಗಳಿಂದ ನಿದ್ದೆ ಕೆಟ್ಟಿದೆ. ಡಾಕ್ಟರ್ ನಿದ್ದೆ ಮಾತ್ರೆ ಬರೆದುಕೊಟ್ಟರು. ಮೊದಲ ಎರಡು ವಾರ ಚೆನ್ನಾಗಿ ನಿದ್ದೆ ಬಂತು. ಈಗ ಮಾತ್ರೆ ನುಂಗಿ ಹತ್ತಕ್ಕೆ ಮಲಗಿದರೂ ಎರಡು ಗಂಟೆ ಹೊರಳಾಡುತ್ತೇನೆ. ಮೂರು ಗಂಟೆಗೆ ಮತ್ತೆ ಎಚ್ಚರ. ಇನ್ನೊಂದು ಮಾತ್ರೆ ಸೇರಿಸಿ ತಗೊಳ್ಳಲಾ? ಇಲ್ಲಾ ಎಲ್ಲ ಬಿಟ್ಟುಬಿಡಲಾ?

ಎರಡೂ ಬೇಡ. ನೀವಾಗಿಯೇ ಇನ್ನೊಂದು ಮಾತ್ರೆ ಸೇರಿಸಬೇಡಿ, ಇರುವುದನ್ನು ಒಂದೇ ಸಲಕ್ಕೆ ನಿಲ್ಲಿಸಲೂ ಬೇಡಿ. ಡೋಸ್ ಜಾಸ್ತಿಯಾದರೆ ಉಸಿರಾಟ ನಿಧಾನವಾಗಬಹುದು. ಮದ್ಯವೋ, ಮಾರ್ಫಿನ್ ಜಾತಿಯ ನೋವಿನ ಔಷಧಿಯೋ ಜೊತೆಗೆ ಸೇರಿದರೆ ಜೀವಕ್ಕೇ ಅಪಾಯ. ಇನ್ನು ತಿಂಗಳುಗಟ್ಟಲೆ ತಗೊಂಡ ಮಾತ್ರೆಯನ್ನು ಥಟ್ಟನೆ ಬಿಟ್ಟರೆ ಕೆಲವು ದಿನ ನಿದ್ದೆ ಮೊದಲಿಗಿಂತ ಕೆಡಬಹುದು. ಡಯಾಜೆಪಾಮ್, ಕ್ಲೋನಾಜೆಪಾಮ್, ಆಲ್ಪ್ರಜೋಲಾಮ್ ಗುಂಪಿನ ಮಾತ್ರೆಗಳನ್ನು ಹಾಗೆ ಬಿಟ್ಟವರಲ್ಲಿ ಕೆಲವರಿಗೆ ಫಿಟ್ಸ್ ಕೂಡ ಬಂದದ್ದಿದೆ. ಎಷ್ಟೋ ಜನ "ಮಾತ್ರೆ ಬಿಟ್ಟೆ, ಎರಡು ರಾತ್ರಿ ಕಣ್ಣೇ ಮುಚ್ಚಲಿಲ್ಲ, ಇನ್ನು ಮಾತ್ರೆ ಇಲ್ಲದೆ ನನಗೆ ನಿದ್ದೆ ಇಲ್ಲ" ಎಂದು ತೀರ್ಮಾನ ಮಾಡಿಬಿಡುತ್ತಾರೆ. ಪಾಪ, ಆ ಎರಡು ರಾತ್ರಿ ಕೆಟ್ಟದ್ದು ಮಾತ್ರೆಯನ್ನು ಬಿಟ್ಟ ರೀತಿಯಿಂದ. ಡಾಕ್ಟರ್ ಜೊತೆ ಕೂತು, ವಾರಗಳ ಲೆಕ್ಕದಲ್ಲಿ, ಸ್ವಲ್ಪ ಸ್ವಲ್ಪವೇ ಇಳಿಸಿದರೆ ಇಷ್ಟು ಕಷ್ಟ ಆಗುವುದಿಲ್ಲ.

ಈಗ ಮಾತ್ರೆ ಯಾಕೆ ಕೈಕೊಟ್ಟಿತು ಅನ್ನುವುದಕ್ಕೆ ಬರೋಣ. ನಿಮ್ಮ ತಲೆಯಲ್ಲಿ ಏನೋ ಕೆಟ್ಟುಹೋಗಿದೆ ಎಂದು ದಯವಿಟ್ಟು ಅಂದುಕೊಳ್ಳಬೇಡಿ. ಮಾತ್ರೆಯ ಶಕ್ತಿಯೇ ನಾವು ಅಂದುಕೊಂಡಷ್ಟು ಇಲ್ಲ. ಜೋಲ್ಪಿಡೆಮ್ ಎಂಬ ನಿದ್ದೆ ಔಷಧಿ ಮತ್ತು ಅದರ ಬಳಗದ ಮಾತ್ರೆಗಳ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ಅಧ್ಯಯನವೊಂದು 2012ರಲ್ಲಿ ಬಿಎಂಜೆ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಔಷಧಿ ಇಲ್ಲದ ಖಾಲಿ ಮಾತ್ರೆ ನುಂಗಿದವರಿಗಿಂತ, ಇವನ್ನು ನುಂಗಿದವರಿಗೆ ನಿದ್ದೆ ಸುಮಾರು 22 ನಿಮಿಷ ಬೇಗ ಹತ್ತಿತು. ಅಷ್ಟೇ. ಅದರ ಮೇಲೆ, ದಿನವೂ ತಗೊಂಡರೆ ಮೆದುಳು ಒಗ್ಗಿಕೊಳ್ಳುತ್ತದೆ. ಮೊದಲ ವಾರ ಕೊಟ್ಟ ಮಂಪರು ಆರನೇ ವಾರ ಕೊಡದೇ ಹೋಗಬಹುದು.

ನಿದ್ದೆ ಬರುವುದು ಎರಡು ಸಂಗತಿಗಳಿಂದ. ಈ ಲೆಕ್ಕವನ್ನು 1982ರಲ್ಲಿ ಅಲೆಕ್ಸಾಂಡರ್ ಬೋರ್ಬೆಲಿ ಎಂಬ ವಿಜ್ಞಾನಿ ಮುಂದಿಟ್ಟರು. ಒಂದು, ದೇಹದೊಳಗಿನ ಗಡಿಯಾರ. ಬೆಳಕು ಕತ್ತಲೆ ನೋಡಿಕೊಂಡು ಅದು ನಡೆಯುತ್ತದೆ. ಇನ್ನೊಂದು, ನಿದ್ದೆಯ ಹಸಿವು. ಎದ್ದ ಗಳಿಗೆಯಿಂದ ಮೆದುಳಿನಲ್ಲಿ ಅಡಿನೋಸಿನ್ ಅನ್ನುವ ವಸ್ತು ಸೇರುತ್ತಾ ಹೋಗುತ್ತದೆ. ಅದು ಸೇರಿದಷ್ಟೂ ನಿದ್ದೆಯ ಸೆಳೆತ ಜೋರು. ಕಾಫಿ ಕುಡಿದರೆ ನಿದ್ದೆ ಹಾರುವುದು ಇದಕ್ಕೇ. ಕೆಫೀನ್ ಹೋಗಿ ಅಡಿನೋಸಿನ್ ಕೂರುವ ಜಾಗದಲ್ಲಿ ಕೂತುಬಿಡುತ್ತದೆ. ಕುಡಿದು ಐದು ಗಂಟೆಯಾದರೂ ಅದರಲ್ಲಿ ಸುಮಾರು ಅರ್ಧ ಒಳಗೇ ಇರುತ್ತದೆ.

ಹಸಿವು ಅಂದೆನಲ್ಲ, ಅದನ್ನೇ ಸ್ವಲ್ಪ ಯೋಚಿಸಿ. ಇಡೀ ದಿನ ಬಾಯಾಡಿಸುತ್ತಿದ್ದವರಿಗೆ ರಾತ್ರಿ ಊಟ ಸೇರುವುದಿಲ್ಲ ಅಲ್ವಾ? ನಿದ್ದೆಗೆಟ್ಟವರು ಮಾಡುವುದೂ ಬಹುತೇಕ ಇದನ್ನೇ. ನಿನ್ನೆ ನಿದ್ದೆ ಆಗಲಿಲ್ಲ, ಇವತ್ತು ಬೇಗ ಮಲಗೋಣ. ಬೆಳಿಗ್ಗೆ ಇನ್ನೊಂದು ಗಂಟೆ ಹೊರಳಾಡಿಯಾದರೂ ಎದ್ದರಾಯಿತು. ಮಧ್ಯಾಹ್ನ ಒಂದು ಜೊಂಪು ತೆಗೆಯೋಣ. ಒಂದೊಂದೂ ನ್ಯಾಯವಾದ ಯೋಚನೆಯೇ. ಆದರೆ ಒಂದೊಂದೂ ರಾತ್ರಿಯ ಹಸಿವನ್ನು ಕೊಲ್ಲುತ್ತದೆ. ಆರ್ಥರ್ ಸ್ಪೀಲ್ಮನ್ ಎಂಬ ಮನಶ್ಶಾಸ್ತ್ರಜ್ಞರು 1980ರ ದಶಕದಲ್ಲಿ ಗುರುತಿಸಿದ್ದು ಇದನ್ನೇ. ನಿದ್ದೆ ಕೆಡಿಸಿದ ಕಾರಣ ಒಂದು, ಅದನ್ನು ಕೆಟ್ಟೇ ಇರುವಂತೆ ಉಳಿಸಿಕೊಂಡು ಬರುವ ಕಾರಣ ಇನ್ನೊಂದು. ಶುರು ಮಾಡಿದ್ದು ಕೆಲಸದ ಒತ್ತಡವೋ, ಮನೆಯಲ್ಲಿನ ಸಾವೋ ಇರಬಹುದು. ಅದು ಕಳೆದ ಮೇಲೂ ಉಳಿಯುವುದು ಈ ಹೊಸ ಅಭ್ಯಾಸಗಳು. ಮಾತ್ರೆ ಇವನ್ನು ಮುಟ್ಟುವುದೇ ಇಲ್ಲ.

ನನಗೂ ಒಮ್ಮೆ ಏಳೆಂಟು ತಿಂಗಳು ನಿದ್ದೆ ಕೆಟ್ಟಿತ್ತು. ರಾತ್ರಿ ಒಂಬತ್ತೂವರೆಗೆ ಕುರ್ಚಿಯಲ್ಲಿ ಪುಸ್ತಕ ಹಿಡಿದು ಕೂತರೆ ತಲೆ ಜೋತು ಬೀಳುತ್ತಿತ್ತು, ಪುಸ್ತಕ ಮಡಿಲಿಗೆ ಜಾರುತ್ತಿತ್ತು. ಸರಿ, ಇವತ್ತು ನಿದ್ದೆ ಬಂದೇ ಬಂತು ಎಂದು ಎದ್ದು ಹಾಸಿಗೆಗೆ ಹೋಗುತ್ತಿದ್ದೆ. ದಿಂಬಿಗೆ ತಲೆ ಇಟ್ಟ ಕ್ಷಣ, ಯಾರೋ ಲೈಟ್ ಹಾಕಿದ ಹಾಗೆ, ಎಚ್ಚರ. ಎದೆ ಡವಡವ. ಗೋಡೆಯ ಗಡಿಯಾರದ ಟಿಕ್ ಟಿಕ್ ಅಷ್ಟು ದೊಡ್ಡದಾಗಿ ಕೇಳುತ್ತದೆ ಅನ್ನುವುದೇ ಅದುವರೆಗೆ ಗೊತ್ತಿರಲಿಲ್ಲ. ಹಾಸಿಗೆ ಅಂದರೆ ಹೊರಳಾಡುವ ಜಾಗ ಎಂದು ನನ್ನ ಮೈ ಕಲಿತುಬಿಟ್ಟಿತ್ತು. ನಿಮಗೂ ಕುರ್ಚಿಯಲ್ಲಿ ತೂಕಡಿಕೆ, ಹಾಸಿಗೆಯಲ್ಲಿ ಎಚ್ಚರ ಆಗುತ್ತಿದ್ದರೆ ಇದೇ ಆಗಿದೆ ಎಂದು ತಿಳಿಯಿರಿ.

ಕಲಿತದ್ದನ್ನು ಮರೆಸಬಹುದು. ಇದಕ್ಕೆ ಒಂದು ಚಿಕಿತ್ಸೆಯೇ ಇದೆ, ಹೆಸರು ಸಿಬಿಟಿ-ಐ. ಯೋಚನೆ ಮತ್ತು ಅಭ್ಯಾಸ ಎರಡನ್ನೂ ತಿದ್ದುವ, ನಿದ್ದೆಗೆಂದೇ ಇರುವ ಚಿಕಿತ್ಸೆ. ವರ್ಷಗಟ್ಟಲೆ ಹೋಗುವುದಿಲ್ಲ, ಸಾಮಾನ್ಯವಾಗಿ ನಾಲ್ಕರಿಂದ ಎಂಟು ಭೇಟಿಯಲ್ಲಿ ಮುಗಿಯುತ್ತದೆ. ವಾರಕ್ಕೆ ಮೂರು ರಾತ್ರಿಯಾದರೂ ನಿದ್ದೆ ಕೆಟ್ಟು, ಹಗಲೂ ತೊಂದರೆಯಾಗಿ, ಅದು ಮೂರು ತಿಂಗಳು ದಾಟಿದರೆ ದೀರ್ಘಕಾಲದ ನಿದ್ರಾಹೀನತೆ ಎನ್ನುತ್ತಾರೆ. ಅಂಥವರಿಗೆ ಮೊದಲು ಕೊಡಬೇಕಾದದ್ದು ಮಾತ್ರೆಯಲ್ಲ, ಈ ಚಿಕಿತ್ಸೆ ಎಂದು ಅಮೆರಿಕದ ವೈದ್ಯರ ಸಂಘವಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2016ರಲ್ಲೇ ಹೇಳಿತು. ಯುರೋಪಿನ ಮಾರ್ಗಸೂಚಿಯೂ ಅದನ್ನೇ ಹೇಳುತ್ತದೆ. ಇಷ್ಟಾದರೂ ಬಹಳ ಜನಕ್ಕೆ ಮೊದಲು ಸಿಗುವುದು ಮಾತ್ರೆಯ ಚೀಟಿ. ಇದು ನನಗೆ ನಿಜವಾಗಿಯೂ ಬೇಸರ ತರುವ ವಿಷಯ.

ಇದರಲ್ಲಿ ಎರಡು ಕೆಲಸ ಮುಖ್ಯ. ಮೊದಲನೆಯದು ರಿಚರ್ಡ್ ಬೂಟ್ಜಿನ್ ಎಂಬ ಮನಶ್ಶಾಸ್ತ್ರಜ್ಞರು 1972ರಲ್ಲಿ ಕೊಟ್ಟದ್ದು. ಹಾಸಿಗೆಯಲ್ಲಿ ಎಚ್ಚರವಾಗಿ ಬಿದ್ದುಕೊಂಡಿರಬಾರದು. ಮಲಗಿ ಸುಮಾರು ಇಪ್ಪತ್ತು ನಿಮಿಷ ಆಯಿತು, ನಿದ್ದೆಯ ಸುಳಿವಿಲ್ಲ ಅನಿಸಿದರೆ ಎದ್ದುಬಿಡಿ. ಗಡಿಯಾರ ನೋಡಬೇಡಿ, ಅಂದಾಜು ಸಾಕು. ಬೇರೆ ಕೋಣೆ ಇದ್ದರೆ ಅಲ್ಲಿಗೆ ಹೋಗಿ, ಇಲ್ಲದಿದ್ದರೆ ಒಂದು ಕುರ್ಚಿ ಸಾಕು. ಮಂದ ಬೆಳಕಿನಲ್ಲಿ ಏನಾದರೂ ಸಪ್ಪೆ ಕೆಲಸ ಮಾಡಿ. ನಾನು ಒಗೆದ ಬಟ್ಟೆ ಮಡಚುತ್ತಿದ್ದೆ. ಒಂದೊಂದೇ, ಅಂಚಿಗೆ ಅಂಚು ಸೇರಿಸಿ, ನಿಧಾನವಾಗಿ. ರೆಪ್ಪೆ ಭಾರವಾದಾಗ ಮತ್ತೆ ಹಾಸಿಗೆಗೆ. ಆಗಲೂ ನಿದ್ದೆ ಬಾರದಿದ್ದರೆ ಮತ್ತೆ ಏಳಿ. ಮೊದಲ ಕೆಲವು ರಾತ್ರಿ ಮೂರು ನಾಲ್ಕು ಸಲ ಏಳಬೇಕಾಗುತ್ತದೆ, ಚಳಿಗೆ ಅಳುವೇ ಬರುತ್ತದೆ. ಹಾಗೇ ಮುಂದುವರಿಸಿ.

ಎರಡನೆಯದು ಕೇಳಿದರೆ ಎಲ್ಲರೂ ಹೌಹಾರುತ್ತಾರೆ. ಹಾಸಿಗೆಯಲ್ಲಿರುವ ಹೊತ್ತನ್ನೇ ಕಡಿಮೆ ಮಾಡುವುದು. ಉದಾಹರಣೆಗೆ, ನೀವು ಹತ್ತಕ್ಕೆ ಮಲಗಿ ಏಳಕ್ಕೆ ಏಳುತ್ತೀರಿ ಎಂದಿಟ್ಟುಕೊಳ್ಳಿ. ಒಂಬತ್ತು ಗಂಟೆ ಆಯಿತು. ಅದರಲ್ಲಿ ನಿಜವಾದ ನಿದ್ದೆ ಐದೂವರೆ ಗಂಟೆ. ಅಂದರೆ ಹಾಸಿಗೆಯಲ್ಲಿದ್ದ ಹೊತ್ತಿನಲ್ಲಿ ಶೇಕಡ 61 ಮಾತ್ರ ನಿದ್ದೆ, ಮಿಕ್ಕ ಮೂರೂವರೆ ಗಂಟೆ ಒದ್ದಾಟ. ಈಗ ಐದೂವರೆ ಗಂಟೆ ನಿದ್ದೆ ಮಾಡುವವರಿಗೆ ಐದೂವರೆ ಗಂಟೆಯ ಹಾಸಿಗೆಯನ್ನೇ ಕೊಡುತ್ತಾರೆ. ಬೆಳಿಗ್ಗೆ ಆರಕ್ಕೆ ಏಳುವುದು, ಭಾನುವಾರವೂ ಆರಕ್ಕೇ. ಮಲಗುವುದು ರಾತ್ರಿ ಹನ್ನೆರಡೂವರೆಗೆ, ಅದಕ್ಕೂ ಮುಂಚೆ ಇಲ್ಲ. ಹಗಲು ನಿದ್ದೆ ಬೇಡ. ಎಷ್ಟೇ ಕಮ್ಮಿ ನಿದ್ದೆಯವರಾದರೂ ಐದು ಗಂಟೆಗಿಂತ ಕೆಳಗೆ ಇಳಿಸುವುದಿಲ್ಲ.

ಮೊದಲ ವಾರ ಕಷ್ಟ, ಸುಳ್ಳು ಹೇಳುವುದಿಲ್ಲ. ರಾತ್ರಿ ಹನ್ನೊಂದಕ್ಕೆ ನಿಂತಲ್ಲೇ ತೂಕಡಿಕೆ ಬರುತ್ತದೆ. ಆದರೆ ಆ ಹಸಿವೇ ನಮಗೆ ಬೇಕಾದದ್ದು. ಹರಿದು ಚಿಂದಿಯಾಗಿದ್ದ ನಿದ್ದೆ ನಿಧಾನವಾಗಿ ಒಂದೇ ತುಂಡಾಗಿ ಕೂಡಿಕೊಳ್ಳುತ್ತದೆ. ಒಂದು ವಾರದ ಸರಾಸರಿಯಲ್ಲಿ ಹಾಸಿಗೆಯ ಹೊತ್ತಿನ ಶೇಕಡ 85ಕ್ಕಿಂತ ಜಾಸ್ತಿ ನಿದ್ದೆಯಲ್ಲಿ ಕಳೆದರೆ, ಹದಿನೈದು ನಿಮಿಷ ಬೇಗ ಮಲಗಿ. ಮರುವಾರ ಮತ್ತೆ ಹದಿನೈದು. ಹೀಗೆ ನಿಮ್ಮ ಮೈಗೆ ಎಷ್ಟು ಬೇಕೋ ಅಷ್ಟಕ್ಕೆ ಬಂದು ನಿಲ್ಲುತ್ತೀರಿ.

ಎಚ್ಚರಿಕೆ: ಫಿಟ್ಸ್ ಇರುವವರು, ಬೈಪೋಲಾರ್ ಕಾಯಿಲೆ ಇರುವವರು, ನಿದ್ದೆಯಲ್ಲಿ ನಡೆಯುವವರು ಇದನ್ನು ತಾವಾಗಿಯೇ ಮಾಡಬಾರದು. ವಾಹನ ಅಥವಾ ದೊಡ್ಡ ಯಂತ್ರ ನಡೆಸುವ ಕೆಲಸದವರೂ ಅಷ್ಟೇ. ಮೊದಲ ವಾರಗಳಲ್ಲಿ ಹಗಲು ಮಂಪರು ಇದ್ದೇ ಇರುತ್ತದೆ.

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತೇವೆ. ನಿಜ. ಆದರೆ ಐದು ತಿಂಗಳು ನಿದ್ದೆಗೆಟ್ಟವರ ಚಿಂತೆ ಹೆಚ್ಚಾಗಿ ನಿದ್ದೆಯದೇ ಆಗಿರುತ್ತದೆ. "ಈಗ ಮೂರು ಗಂಟೆ, ಈಗ ಮಲಗಿದರೂ ಮೂರೇ ಗಂಟೆ ನಿದ್ದೆ, ನಾಳೆ ಕೆಲಸ ಹಾಳು" ಅನ್ನುವ ಕೂಡು ಕಳೆಯುವ ಲೆಕ್ಕ ಶುರುವಾದರೆ ಮೈ ಓಡಲು ಸಿದ್ಧವಾಗುತ್ತದೆ, ಮಲಗಲು ಆಗುವುದಿಲ್ಲ. ಆದ್ದರಿಂದ ಗಡಿಯಾರವನ್ನು ಗೋಡೆ ಕಡೆ ತಿರುಗಿಸಿಡಿ. ಫೋನ್ ಕೈಗೆಟುಕದ ಕಡೆ ಇಡಿ. ನಿದ್ದೆ ಅಳೆಯುವ ವಾಚನ್ನೂ ಸದ್ಯಕ್ಕೆ ಬಿಚ್ಚಿಡಿ, ಅದರ ಅಂಕಿ ನೋಡಿಯೇ ನಿದ್ದೆ ಕೆಡಿಸಿಕೊಳ್ಳುವವರಿದ್ದಾರೆ. ಬೇರೆ ಚಿಂತೆಗಳೂ ಇದ್ದರೆ ಸಂಜೆಯೇ ಕಾಲು ಗಂಟೆ ಕೂತು ಒಂದು ಹಾಳೆಯಲ್ಲಿ ಬರೆದುಬಿಡಿ. ಒಂದೊಂದರ ಎದುರು ನಾಳೆ ಮಾಡಬಹುದಾದ ಒಂದು ಸಣ್ಣ ಕೆಲಸ ಬರೆಯಿರಿ. ಇನ್ನೊಂದು ಉಪಾಯವೂ ಇದೆ, ವಿಚಿತ್ರ ಅನಿಸಬಹುದು. ಎದ್ದುಬಿಡುವ ಮುಂಚಿನ ಆ ಇಪ್ಪತ್ತು ನಿಮಿಷ, ಕತ್ತಲೆಯಲ್ಲಿ ಕಣ್ಣು ಬಿಟ್ಟುಕೊಂಡು, ಎಚ್ಚರವಾಗಿಯೇ ಇರುತ್ತೇನೆ ಎಂದು ಸುಮ್ನೆ ಮಲಗಿ. ನಿದ್ದೆ ಮಾಡಲೇಬೇಕು ಅನ್ನುವ ಹಟ ಬಿಟ್ಟಾಗ ಕೆಲವರಿಗೆ ಕಣ್ಣು ತಾನಾಗಿ ಮುಚ್ಚುತ್ತದೆ.

ಬೆಚ್ಚಗಿನ ಸ್ನಾನ, ಕತ್ತಲೆ ಕೋಣೆ, ಸಂಜೆ ಮೇಲೆ ಕಾಫಿ ಬೇಡ ಅನ್ನುವ ಮಾತುಗಳನ್ನು ನೀವು ನೂರು ಸಲ ಕೇಳಿರುತ್ತೀರಿ. ಒಳ್ಳೆಯದೇ. ಆದರೆ ಬೇರೂರಿದ ನಿದ್ರಾಹೀನತೆ ಇವಿಷ್ಟರಿಂದಲೇ ಹೋಗುವುದಿಲ್ಲ. ಎಲ್ಲ ಪಾಲಿಸಿಯೂ ಗುಣವಾಗದಿದ್ದರೆ ಅದು ನಿಮ್ಮ ತಪ್ಪಲ್ಲ. ಮದ್ಯದ ವಿಷಯ ಮಾತ್ರ ಒತ್ತಿ ಹೇಳುತ್ತೇನೆ. ಅದು ಬೇಗ ಮಲಗಿಸಿ, ನಡುರಾತ್ರಿ ಕಳೆದ ಮೇಲೆ ಎಬ್ಬಿಸುತ್ತದೆ.

ಇನ್ನೊಂದು ಸಾಧ್ಯತೆಯೂ ಇದೆ. ಕಾಯಿಲೆಯೇ ಬೇರೆ ಇದ್ದು, ಅದಕ್ಕೇ ಮಾತ್ರೆ ಹಿಡಿಯದೆ ಇರಬಹುದು. ಜೋರು ಗೊರಕೆ, ನಡುವೆ ಉಸಿರು ಕಟ್ಟಿ ಧಿಗ್ಗನೆ ಏಳುವುದು, ಬೆಳಿಗ್ಗೆ ತಲೆನೋವು ಇದ್ದರೆ ಸ್ಲೀಪ್ ಆಪ್ನಿಯಾ ಇರಬಹುದು. ಗಂಟಲಿನ ದಾರಿ ಮುಚ್ಚಿಕೊಂಡು ಉಸಿರು ನಿಲ್ಲುತ್ತದೆ, ಮೆದುಳು ಬದುಕಿಸಲೆಂದೇ ಎಬ್ಬಿಸುತ್ತದೆ. ಇಂಥವರಿಗೆ ಕೆಲವು ನಿದ್ದೆ ಮಾತ್ರೆ ಕೆಡುಕನ್ನೇ ಮಾಡುತ್ತವೆ. ಮಲಗಿದ ಕೂಡಲೇ ಕಾಲಲ್ಲಿ ಏನೋ ಹರಿದಾಡಿದ ಹಾಗಾಗಿ, ಆಡಿಸದೆ ಇರಲಾಗದಿದ್ದರೆ ಅದು ಕಾಲು ಚಡಪಡಿಕೆಯ ಕಾಯಿಲೆ. ಕಬ್ಬಿಣದ ಅಂಶ ಕಮ್ಮಿ ಇದ್ದರೆ ಅದು ಜಾಸ್ತಿ, ಹಾಗಾಗಿ ರಕ್ತದಲ್ಲಿ ಫೆರಿಟಿನ್ ಪರೀಕ್ಷೆ ಮಾಡಿಸಬೇಕು. ಶೀತ, ಅಲರ್ಜಿಗೆ ಕೊಡುವ ಮಂಪರಿನ ಮಾತ್ರೆಯನ್ನು ನಿದ್ದೆಗೆಂದು ತಾವೇ ತಗೊಳ್ಳುವವರಿದ್ದಾರೆ. ಅದು ಈ ಚಡಪಡಿಕೆಯನ್ನು ಹೆಚ್ಚಿಸಬಹುದು, ವಯಸ್ಸಾದವರಲ್ಲಿ ಗೊಂದಲ ತಂದು ಬೀಳಿಸಲೂಬಹುದು. ರಜೆ ದಿನ ರಾತ್ರಿ ಎರಡರಿಂದ ಬೆಳಿಗ್ಗೆ ಹತ್ತರವರೆಗೆ ಸೊಗಸಾಗಿ ನಿದ್ದೆ ಬರುತ್ತದೆ ಅಂತಾದರೆ ನಿಮ್ಮ ನಿದ್ದೆ ಚೆನ್ನಾಗಿದೆ, ಒಳಗಿನ ಗಡಿಯಾರ ಹಿಂದೆ ಬಿದ್ದಿದೆ. ಅದಕ್ಕೆ ಬೆಳಗಿನ ಬೆಳಕು ಬೇಕು. ಸ್ಟಿರಾಯ್ಡ್, ಮೂಗು ಕಟ್ಟಿದ್ದಕ್ಕೆ ಕೊಡುವ ಕೆಲವು ಮಾತ್ರೆಗಳೂ ನಿದ್ದೆ ಕೆಡಿಸುತ್ತವೆ. ಖಿನ್ನತೆಯಲ್ಲಿ ನಸುಕಿಗೇ ಎಚ್ಚರವಾಗುವುದು ಸಾಮಾನ್ಯ. ಬದುಕೇ ಬೇಡ ಅನ್ನುವ ಯೋಚನೆ ಸುಳಿಯುತ್ತಿದ್ದರೆ ಮಿಕ್ಕದ್ದೆಲ್ಲ ಬಿಟ್ಟು ಇವತ್ತೇ ಹತ್ತಿರದವರಿಗೆ ಹೇಳಿ, ಡಾಕ್ಟರ್ ಹತ್ತಿರ ಹೋಗಿ.

ಡಾಕ್ಟರ್ ಬಳಿ ಬರಿಗೈಯಲ್ಲಿ ಹೋಗಬೇಡಿ. ಎರಡು ವಾರ ಒಂದು ಪುಸ್ತಕದಲ್ಲಿ ಬರೆದಿಡಿ. ಎಷ್ಟಕ್ಕೆ ಮಲಗಿದೆ, ನಿದ್ದೆ ಹತ್ತಲು ಎಷ್ಟು ಹೊತ್ತಾಯಿತು, ಎಷ್ಟು ಸಲ ಎಚ್ಚರವಾಯಿತು, ಎಷ್ಟಕ್ಕೆ ಎದ್ದೆ, ಹಗಲು ಮಲಗಿದ್ದೆನಾ, ಮಾತ್ರೆ ಎಷ್ಟು ಗಂಟೆಗೆ ತಗೊಂಡೆ. ರಾತ್ರಿ ಬರೆಯಬೇಡಿ, ಬೆಳಿಗ್ಗೆ ಎದ್ದು ಅಂದಾಜಿನಲ್ಲಿ ಬರೆಯಿರಿ. ಬೇರೆ ಯಾವ್ಯಾವ ಮಾತ್ರೆ ತಗೊಳ್ಳುತ್ತಿದ್ದೀರೋ ಎಲ್ಲದರ ಪಟ್ಟಿಯೂ ಇರಲಿ. ಗೊರಕೆ ಹೊಡೆಯುತ್ತೀರಾ, ಉಸಿರು ನಿಲ್ಲುತ್ತದಾ ಎಂದು ಅದೇ ಕೋಣೆಯಲ್ಲಿ ಮಲಗುವವರನ್ನು ಕೇಳಿ ಅದನ್ನೂ ಸೇರಿಸಿ. ಆ ಪುಸ್ತಕ ಮುಂದಿಟ್ಟು ಎರಡು ಮಾತು ಕೇಳಿ: "ಸಿಬಿಟಿ-ಐ ಮಾಡುವವರ ಹತ್ತಿರ ಕಳಿಸುತ್ತೀರಾ? ಈ ಮಾತ್ರೆಯನ್ನು ಹೇಗೆ ಇಳಿಸುತ್ತಾ ಬರುವುದು?"