ಬೊಗಾತಿರ್‌ಗಳನ್ನು ನೋಡಿ ನಗಬಹುದಾ?

ಮೂರು ಕುದುರೆ, ಮೇಲೆ ಮೂವರು ಯೋಧರು, ನಡುವೆ ಒಬ್ಬ ದಢೂತಿ ಗಡ್ಡದವನು. ಇಷ್ಟು ಗೀಚಿದರೆ ಸಾಕು, ರಷ್ಯಾದಲ್ಲಿ ಮಕ್ಕಳೂ ಗುರುತು ಹಿಡಿಯುತ್ತಾರೆ: ಇವರು ಬೊಗಾತಿರ್‌ಗಳು, ಅಂದರೆ ಅಲ್ಲಿನ ಹಳೆಯ ಹಾಡುಗಳ ವೀರರು. ವ್ಯಂಗ್ಯಚಿತ್ರ ಬರೆಯುವವರಿಗೆ ಇದಕ್ಕಿಂತ ಸಲೀಸಾದ ಸರಕು ಬೇಕಾ?

ಈ ಗುರುತು ಕೊಟ್ಟವರು ವಿಕ್ಟರ್ ವಾಸ್ನೆತ್ಸೊವ್. ‘ಬೊಗಾತಿರ್‌ಗಳು’ ಎಂಬ ದೊಡ್ಡ ಚಿತ್ರವನ್ನು ಅವರು 1881ರಲ್ಲಿ ಶುರು ಮಾಡಿ, 1898ರಲ್ಲಿ ಮುಗಿಸಿದರು. ಅಗಲ ಸುಮಾರು ನಾಲ್ಕೂವರೆ ಮೀಟರ್. ಈಗ ಮಾಸ್ಕೋದ ಟ್ರೆಟ್ಯಾಕೊವ್ ಗ್ಯಾಲರಿಯಲ್ಲಿದೆ. ನಡುವೆ ಕಪ್ಪು ಕುದುರೆ ಮೇಲೆ ಇಲ್ಯಾ ಮುರೊಮೆತ್ಸ್, ಹಣೆಗೆ ಕೈ ಅಡ್ಡ ಹಿಡಿದು ದೂರಕ್ಕೆ ನೋಡುತ್ತಿದ್ದಾನೆ. ಎತ್ತಿದ ಅದೇ ಕೈಯಲ್ಲಿ ಭಾರದ ಗದೆ ಜೋತಾಡುತ್ತಿದೆ. ಅವನಿಗೆ ಅದರ ಪರಿವೆಯೇ ಇಲ್ಲ! ಒಂದು ಪಕ್ಕ ಕತ್ತಿ ಹಿರಿಯುತ್ತಿರುವ ದೊಬ್ರಿನ್ಯಾ. ಇನ್ನೊಂದು ಪಕ್ಕ ಬಿಲ್ಲು ಹಿಡಿದ ಅಲ್ಯೋಶಾ. ಅವನ ಬಳಿ ಗುಸ್ಲಿ ಎಂಬ ತಂತಿವಾದ್ಯವೂ ಇದೆ.

ಮೂವರೂ ಬಲು ಗಂಭೀರ. ಆದರೆ ಬಿಲೀನಾ ಎಂಬ ಹಳೆಯ ಹಾಡುಗಳಲ್ಲಿ ಇವರ ಅವತಾರವೇ ಬೇರೆ. ರಾಜ ವ್ಲಾದಿಮಿರ್ ಔತಣಕ್ಕೆ ಕರೆಯಲಿಲ್ಲ ಅಂತ ಸಿಟ್ಟಾದ ಇಲ್ಯಾ, ಕೀವ್‌ನ ಚರ್ಚುಗಳ ಚಿನ್ನದ ಗೋಪುರಗಳಿಗೆ ಬಾಣ ಬಿಡುತ್ತಾನೆ. ಉದುರಿದ ಚಿನ್ನವನ್ನು ಬಡಬಗ್ಗರ ಜೊತೆ ಕುಡಿದು ಮುಗಿಸುತ್ತಾನೆ. ಅಲ್ಯೋಶಾ ಇನ್ನೂ ಒಂದು ಕೈ ಮೇಲೆ. ದೊಬ್ರಿನ್ಯಾ ಊರಲ್ಲಿಲ್ಲದಾಗ, ಅವನು ಸತ್ತ ಅಂತ ಸುಳ್ಳು ಹಬ್ಬಿಸಿ ಅವನ ಹೆಂಡತಿಯನ್ನೇ ಮದುವೆಯಾಗಲು ಹೊರಡುತ್ತಾನೆ. ಹಾಡುಗಾರನ ವೇಷದಲ್ಲಿ ಬಂದ ದೊಬ್ರಿನ್ಯಾ, ಮದುವೆ ಊಟದ ನಡುವೆ ಗುಸ್ಲಿ ನುಡಿಸಿ, ಆಮೇಲೆ ಅಲ್ಯೋಶಾನನ್ನು ಹಿಡಿದು ಬಡಿಯುತ್ತಾನೆ. ಇದು ಗೊತ್ತಿದ್ದು ಚಿತ್ರ ನೋಡಿದರೆ, ಅಲ್ಯೋಶಾನ ಬಳಿಯ ಗುಸ್ಲಿ ಕಂಡು ನನಗಂತೂ ನಗು ಬರುತ್ತದೆ.

ಬೇರೆ ಕಲಾವಿದರೂ ಇವರನ್ನು ಬಿಡಲಿಲ್ಲ. ವ್ರೂಬೆಲ್ 1898–99ರಲ್ಲಿ ಬರೆದ ಬೊಗಾತಿರ್ ಕಾಡಿನೊಳಗಿಂದಲೇ ಎದ್ದ ಬಂಡೆಯ ಹಾಗಿದ್ದಾನೆ. ನಮ್ಮ ತಾತಗುಣಿ ಎಸ್ಟೇಟಿನ ಸ್ವೆತೊಸ್ಲಾವ್ ರೋರಿಕ್ ಗೊತ್ತಲ್ವಾ, ಅವರ ತಂದೆ ನಿಕೊಲಾಯ್ 1942ರಲ್ಲಿ ಕುಲ್ಲು ಕಣಿವೆಯಲ್ಲಿ ಕೂತು ಸ್ವ್ಯಾತೊಗೋರ್ ಎಂಬ ದೈತ್ಯ ವೀರನನ್ನು ಬರೆದರು.

ಇವರನ್ನು ಗೇಲಿ ಮಾಡಿದ್ದಕ್ಕೆ ಬೆಲೆ ತೆತ್ತವರೂ ಇದ್ದಾರೆ. ಸಂಗೀತ ರಚನಕಾರ ಬೊರೊದಿನ್ 1867ರಲ್ಲಿ ‘ಬೊಗಾತಿರ್‌ಗಳು’ ಎಂಬ ಹಾಸ್ಯ ಒಪೆರಾ ಮಾಡಿದ್ದರು. 1936ರಲ್ಲಿ ಕವಿ ದೆಮ್ಯಾನ್ ಬೇದ್ನಿ ಅದಕ್ಕೆ ಹೊಸ ಮಾತು ಬರೆದರು, ಮಾಸ್ಕೋದಲ್ಲಿ ನಿರ್ದೇಶಕ ತಾಯಿರೊವ್ ರಂಗಕ್ಕೆ ತಂದರು. ವೀರರು ಕುಡುಕರು, ಹೇಡಿಗಳು ಅಂತ ತೋರಿಸಿದ್ದು ಸರ್ಕಾರಕ್ಕೆ ಸರಿಬರಲಿಲ್ಲ. ಸ್ಟಾಲಿನ್ ಆಡಳಿತಕ್ಕೆ ಆಗ ದೇಶಭಕ್ತಿಗೆ ಹಳೆಯ ವೀರರು ಬೇಕಾಗಿದ್ದರು. ನವೆಂಬರ್‌ನಲ್ಲಿ ನಾಟಕ ನಿಷೇಧವಾಯಿತು. ಹಾಡು ಕಟ್ಟಿದ ಹಳ್ಳಿಗರು ನಕ್ಕಿದ್ದರು. ನಗಬಾರದು ಅಂದದ್ದು ಸರ್ಕಾರಿ ಕಚೇರಿ.

ಈಗ ಅದೇ ನಗು ದೊಡ್ಡ ವ್ಯಾಪಾರ. ಪೀಟರ್ಸ್‌ಬರ್ಗ್‌ನ ಮೆಲ್ನಿತ್ಸಾ ಸ್ಟುಡಿಯೊ 2004ರಿಂದ ಒಬ್ಬೊಬ್ಬ ವೀರನ ಮೇಲೂ ಕಾರ್ಟೂನ್ ಸಿನಿಮಾ ತೆಗೆಯುತ್ತಾ ಬಂದಿದೆ. ಅಲ್ಲಿ ಅಲ್ಯೋಶಾನಿಗೆ ತೋಳುಬಲ ಜಾಸ್ತಿ, ಬುದ್ಧಿ ಸ್ವಲ್ಪ ಕಮ್ಮಿ. ಜೊತೆಗೆ ಜೂಜಿನ ಹುಚ್ಚು ಹಿಡಿದ ಮಾತಾಡುವ ಕುದುರೆ ಜೂಲಿಯಸ್. ಕೀವ್‌ನ ರಾಜ ಜಿಪುಣ, ಸಮಯಸಾಧಕ. ಬಿಲೀನಾ ಹಾಡುವವರಿಗೂ ಈ ರಾಜನ ಮೇಲೆ ಅಂಥ ದೊಡ್ಡ ಅಭಿಪ್ರಾಯವೇನೂ ಇರಲಿಲ್ಲ ಬಿಡಿ.