ಯಾರಿಗೆ ಏನು ಯಾವಾಗ ಗೊತ್ತು: ಕೊಲೆ ಕಾದಂಬರಿ ಓದೋವಾಗ ಮಾಡ್ಕೊಂಡ ಟಿಪ್ಪಣಿ, ಜೊತೆಗೆ ಮುಂದೆ ಓದೋ ಪಟ್ಟಿ

ಸದ್ಯ ಬರೀತಿರೋ ಕೊಲೆ ಕಾದಂಬರಿ ಅರ್ಧಕ್ಕೆ ನಿಂತಿದೆ. ಕೊಂದಿದ್ದು ಯಾರು ಗೊತ್ತು, ಯಾಕೆ ಗೊತ್ತು, ಆದ್ರೆ ಯಾವ ವಿಷ್ಯನ ಯಾವ ಅಧ್ಯಾಯದಲ್ಲಿ ಬಾಯಿ ಬಿಡ್ಬೇಕು ಅನ್ನೋದು ಮಾತ್ರ ಕೂತ್ಕೊಳ್ತಾನೇ ಇಲ್ಲ. ಅದಕ್ಕೆ ಬರೆಯೋದನ್ನ ಸ್ವಲ್ಪ ಪಕ್ಕಕ್ಕಿಟ್ಟು, ಈಚೆಗೆ ಓದಿ ತುಂಬಾ ಹಿಡಿಸಿದ ಪುಸ್ತಕಗಳನ್ನ ಎರಡನೇ ಸಲ ಬಿಚ್ಚಿ ನೋಡ್ತಾ ಇದ್ದೀನಿ. ಕ್ಲೂ, ಅಲಿಬಿ (ಕೊಲೆ ಹೊತ್ತಲ್ಲಿ ನಾನು ಬೇರೆಲ್ಲೋ ಇದ್ದೆ ಅನ್ನೋ ಪುರಾವೆ), ದಾರಿ ತಪ್ಪಿಸೋ ಸುಳಿವು ಇವೆಲ್ಲ ನಿಮಗೆ ಗೊತ್ತಿರೋದೇ, ಬಿಟ್ಟಿದ್ದೀನಿ. ಮೂರು ಹಳೇ-ಹೊಸ ಕಾದಂಬರಿಗಳ ಗುಟ್ಟು ಕೆಳಗೆ ಅಲ್ಲಲ್ಲಿ ಹೊರಗೆ ಬರುತ್ತೆ, ಕ್ರಿಸ್ಟಿ ಪುಸ್ತಕದ್ದಂತೂ ಪೂರ್ತಿ, ಓದಿಲ್ದೋರು ಆ ಭಾಗ ಹಾರಿಸ್ಕೊಂಡು ಹೋಗಿ.

ಮೊದಲು ಎರಡು ಕಥೆ

1966ರಲ್ಲಿ ತ್ಸ್ವೆತಾನ್ ತೊದೊರೊವ್ ಅನ್ನೋ ಸಾಹಿತ್ಯ ಚಿಂತಕರು ಒಂದು ಪ್ರಬಂಧ ಬರೆದ್ರು, ಪತ್ತೇದಾರಿ ಕಥೆಯೊಳಗೆ ಎರಡು ಕಥೆ ಇರುತ್ತೆ ಅಂತ. ಒಂದು ಅಪರಾಧ ನಡೆದ ಕಥೆ, ಇನ್ನೊಂದು ಅದನ್ನ ಹುಡುಕೋ ಕಥೆ. ಮೊದಲನೇದು ಪುಸ್ತಕ ಶುರುವಾಗೋ ಹೊತ್ತಿಗೇ ಮುಗಿದುಹೋಗಿರುತ್ತೆ, ನಾವು ಓದೋದು ಎರಡನೇದನ್ನ. ಇಷ್ಟು ಸಾಕು, ಮುಂದೆ ಹೋಗೋಣ.

ಮೂರು ಕಾಲಂ ಹಾಕೋದು

ಆ ಮೊದಲನೇ ಕಥೆ ಯಾರಿಗೆ ಎಷ್ಟು ಗೊತ್ತು ಅಂತ ನೋಡೋಕೆ ಒಂದು ಹಾಳೆ ತಗೊಂಡು ಮೂರು ಕಾಲಂ ಎಳೀರಿ. ಓದುಗನಿಗೆ ಗೊತ್ತಿರೋದು, ಪತ್ತೇದಾರನಿಗೆ ಗೊತ್ತಿರೋದು, ಕೊಲೆಗಾರನಿಗೆ ಗೊತ್ತಿರೋದು. ಅಧ್ಯಾಯ ಅಧ್ಯಾಯಕ್ಕೂ ತುಂಬಿಸ್ತಾ ಹೋಗಿ. ಬಹಳಷ್ಟು ಪುಸ್ತಕದಲ್ಲಿ ಇದು ಸಲೀಸಾಗಿ ಆಗುತ್ತೆ, ಕೊಲೆಗಾರನ ಕಾಲಂ ಮೊದಲ ದಿನವೇ ತುಂಬಿರುತ್ತೆ, ಪತ್ತೇದಾರನದು ಓದುಗನಿಗಿಂತ ಎರಡು ಹೆಜ್ಜೆ ಮುಂದೆ ಓಡ್ತಿರುತ್ತೆ, ಕೊನೇ ಅಧ್ಯಾಯದಲ್ಲಿ ಮೂರೂ ಒಂದೇ ಆಗುತ್ತೆ.

ಅಗಾಥಾ ಕ್ರಿಸ್ಟಿಯ 'ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್' (1926) ಹತ್ರ ಬಂದ್ರೆ ಈ ಲೆಕ್ಕ ಕೈ ಕೊಡುತ್ತೆ.

ಇಲ್ಲೇ ಸಿಕ್ಕಿಹಾಕ್ಕೊಳ್ಳೋದು, ನಿಧಾನಕ್ಕೆ ಓದಿ

ಕಥೆ ಹೇಳೋನು ಊರಿನ ಡಾಕ್ಟರ್ ಶೆಪರ್ಡ್, ಕೊಲೆಗಾರನೂ ಅವನೇ, ಸಾಯೋನು ಆಕ್ರಾಯ್ಡ್. ಆಕ್ರಾಯ್ಡ್ ಮನೇಲಿ ಊಟ ಮುಗಿಸಿ ಇಬ್ರೂ ಓದೋ ಕೋಣೇಲಿ ಕೂತಿರ್ತಾರೆ, 8:40ಕ್ಕೆ ಒಂದು ಪತ್ರ ಬರುತ್ತೆ, ಪೂರ್ತಿ ಓದು ಅಂತ ಡಾಕ್ಟರ್ ಒತ್ತಾಯ ಮಾಡ್ತಾನೆ, ಆಕ್ರಾಯ್ಡ್ ಒಪ್ಪಲ್ಲ. 8:50ಕ್ಕೆ ತಾನು ಹೊರಟೆ, ಪತ್ರ ಇನ್ನೂ ಓದದೇ ಹಾಗೇ ಇತ್ತು, ಬಾಗಿಲ ಹಿಡಿ ಹಿಡ್ಕೊಂಡು ಹಿಂದೆ ತಿರುಗಿ ಏನಾದ್ರೂ ಮಾಡೋದು ಬಾಕಿ ಉಳೀತಾ ಅಂತ ಒಂದ್ಸಲ ನೋಡಿದೆ ಅಂತ ಬರೀತಾನೆ. ಆಮೇಲೆ ಗೇಟು ದಾಟೋವಾಗ ಚರ್ಚಿನ ಗಡಿಯಾರ ಒಂಬತ್ತು ಹೊಡೀತು ಅಂತಾನೆ.

ಇಡೀ ಕೊಲೆ ಇಷ್ಟರಲ್ಲೇ ಇದೆ. 8:40ರಿಂದ 8:50ರವರೆಗಿನ ಹತ್ತು ನಿಮಿಷದಲ್ಲಿ ಏನಾಯ್ತು ಅಂತ ಅವನು ಹೇಳಲ್ಲ, ಆದ್ರೆ ಒಂದೇ ಒಂದು ಸುಳ್ಳೂ ಹೇಳಲ್ಲ! ಪತ್ರ ಬಂದಿದ್ದು ನಿಜ, ಹೊರಟಿದ್ದು ನಿಜ, ಓದದೇ ಇದ್ದಿದ್ದೂ ನಿಜ, ಯಾಕಂದ್ರೆ ಓದಬೇಕಾದವನು ಅಷ್ಟೊತ್ತಿಗೆ ಸತ್ತಿದ್ದ. ಇನ್ನೊಂದು, ಮನೆ ಬಾಗಿಲಿಂದ ಗೇಟಿಗೆ ಐದು ನಿಮಿಷದ ದಾರಿ, ಅವನಿಗೆ ಹಿಡಿದಿದ್ದು ಹತ್ತು. ಆ ಉಳಿದ ಐದು ನಿಮಿಷನ ಪತ್ತೇದಾರ ಪೊಯ್ರೋ ಹಿಡ್ಕೊಳ್ತಾನೆ. ಕೊನೇಲಿ ಡಾಕ್ಟರೇ ತನ್ನ ಆ ಸಾಲುಗಳನ್ನ ಮತ್ತೆ ಎತ್ತಿ ಹೇಳಿ, ಎಷ್ಟು ಚೊಕ್ಕವಾಗಿ ಬರೆದಿದ್ದೀನಿ ನೋಡಿ, ನಡುವೆ ಒಂದು ಸಾಲು ಚುಕ್ಕಿ ಇಟ್ಟಿದ್ರೆ ಯಾರಿಗಾದ್ರೂ ಅನುಮಾನ ಬರ್ತಿತ್ತೇನೋ ಅಂತ ಬೀಗ್ತಾನೆ (ಈ ಜಾಗದಲ್ಲಿ ನನಗೆ ಅವನ ಮೇಲೆ ಸಿಟ್ಟಿಗಿಂತ ಹೊಟ್ಟೆಕಿಚ್ಚೇ ಜಾಸ್ತಿ ಬಂತು).

ಈಗ ಕಾಲಂಗೆ ಬನ್ನಿ. 8:40, 8:50, ಒಂಬತ್ತು ಗಂಟೆ, ಈ ಮೂರೂ 'ಓದುಗನಿಗೆ ಗೊತ್ತಿರೋದು' ಕಾಲಂಗೆ ಹೋಗ್ಬೇಕಾ ಬೇಡ್ವಾ? ಹೋಗ್ಬೇಕು, ಯಾಕಂದ್ರೆ ಪುಟದ ಮೇಲೇ ಇದೆ, ನಾವೇ ಓದಿದ್ದೀವಿ. ಹೋಗ್ಬಾರ್ದು, ಯಾಕಂದ್ರೆ ಆ ಹತ್ತು ನಿಮಿಷ ನಮ್ಮ ತಲೇಲಿ ಇಲ್ವೇ ಇಲ್ಲ, ಅವರಿಬ್ರೂ ಪತ್ರದ ಬಗ್ಗೆ ಮಾತಾಡ್ತಾ ಕೂತಿದ್ರು ಅಂತ ನಾವೇ ತುಂಬಿಸ್ಕೊಂಡು ಮುಂದೆ ಹೋಗಿರ್ತೀವಿ. ಅಂದ್ರೆ ಆ ಒಂದು ಕಾಲಂ ಒಳಗೆ ಎರಡು ಬೇರೆ ಬೇರೆ ವಿಷ್ಯ ಸೇರ್ಕೊಂಡಿದೆ. ಅದನ್ನ ಒಡೀಬೇಕು.

ಹೊಸ ಕಾಲಂಗಳು ಹೀಗೆ: ಪುಟದಲ್ಲಿ ಇರೋದು. ಓದುಗ ನಂಬಿರೋದು. ಆಮೇಲೆ ಪತ್ತೇದಾರ, ಆಮೇಲೆ ಕೊಲೆಗಾರ.

ಮೊದಲಿನ ಎರಡು ಕಾಲಂ ನಡುವೆ ಇರೋ ಸಂದಿನಲ್ಲೇ ಕ್ರಿಸ್ಟಿ ಮನೆ ಕಟ್ಕೊಂಡಿರೋದು. ಪುಟದಲ್ಲಿ "8:40, 8:50", ನಂಬಿಕೇಲಿ "ಮಾತಾಡಿದ್ರು, ಹೊರಟ". ಲೇಖಕಿ ಏನನ್ನೂ ಮುಚ್ಚಿಡ್ಲಿಲ್ಲ, ನಮ್ಮ ಕೈಲೇ ಮುಚ್ಚಿಸಿದ್ರು. ಮುಚ್ಚಿಡೋದಕ್ಕೂ ಮುಚ್ಚಿಸೋದಕ್ಕೂ ಇರೋ ಈ ವ್ಯತ್ಯಾಸ ಗೊತ್ತಾಗದೇ ಇದ್ರೆ ನಾವು ಬರೆಯೋವಾಗ ಒಂದು ಮುಖ್ಯ ವಿಷ್ಯನ ಹೇಳ್ದೇ ಬಿಟ್ಟು ಕೊನೇಲಿ ದಢಾರ್ ಅಂತ ಎಸೀತೀವಿ, ಓದೋನು ಮೋಸ ಅಂತಾನೆ. ಸರಿಯಾಗೇ ಅಂತಾನೆ.

1929ರಲ್ಲಿ ರೊನಾಲ್ಡ್ ನಾಕ್ಸ್ ಅನ್ನೋ ಪಾದ್ರಿ ಪತ್ತೇದಾರಿ ಕಥೆಗೆ ಹತ್ತು ನಿಯಮ ಅಂತ ಹಾಕಿದ್ರು. ಅದರಲ್ಲಿ ಮೊದಲನೇದೇ, ಕೊಲೆಗಾರ ಕಥೆಯ ಶುರುವಿನಲ್ಲೇ ಕಾಣಿಸ್ಕೊಂಡಿರ್ಬೇಕು, ಆದ್ರೆ ಅವನ ಮನಸ್ಸಿನೊಳಗೆ ಓದುಗನನ್ನ ಬಿಟ್ಟಿರ್ಬಾರ್ದು. ಕ್ರಿಸ್ಟಿ ಮೂರು ವರ್ಷ ಮುಂಚೆಯೇ ಈ ನಿಯಮದ ತಲೆ ಮೇಲೆ ಕಾಲಿಟ್ಟು ಹೋಗಿದ್ರು. ನಿಯಮಗಳನ್ನ ಬಾಯಿಪಾಠ ಮಾಡೋಕೆ ಹೋಗ್ಬೇಡಿ, ನಾಲ್ಕು ಕಾಲಂ ಸಾಕು.

ನಾಲ್ಕು ಕಾಲಂ ಇಟ್ಕೊಂಡು ಇನ್ನೆರಡು ಪುಸ್ತಕ

ರೂತ್ ರೆಂಡೆಲ್ ಬರೆದ 'ಎ ಜಡ್ಜ್‌ಮೆಂಟ್ ಇನ್ ಸ್ಟೋನ್' (1977). ಕೊಂದಿದ್ದು ಯಾರು, ಸತ್ತಿದ್ದು ಯಾರು, ಕಾರಣ ಏನು, ಮೂರೂ ಮೊದಲನೇ ವಾಕ್ಯದಲ್ಲೇ ಇದೆ: ಮನೆಗೆಲಸದ ಯೂನಿಸ್ ಪಾರ್ಚ್‌ಮನ್ ಕವರ್‌ಡೇಲ್ ಕುಟುಂಬನ ಕೊಲ್ತಾಳೆ, ಅವಳಿಗೆ ಓದೋಕೆ ಬರೆಯೋಕೆ ಬರಲ್ಲ ಅನ್ನೋ ಕಾರಣಕ್ಕೆ. ಇಲ್ಲಿ ಪುಟದಲ್ಲಿರೋದೂ ಓದುಗ ನಂಬಿರೋದೂ ಒಂದೇ, ಸಂದಿ ಅನ್ನೋದೇ ಇಲ್ಲ. ಹಾಗಾದ್ರೆ ಉಸಿರು ಬಿಗಿ ಹಿಡ್ಕೊಂಡು ಓದಿಸೋದು ಏನು? ನಾವು ಹಾಕದೇ ಬಿಟ್ಟ ಐದನೇ ಕಾಲಂ, ಸಾಯೋರಿಗೆ ಏನು ಗೊತ್ತು ಅನ್ನೋದು. ಅದು ಕೊನೇವರೆಗೂ ಹೆಚ್ಚುಕಮ್ಮಿ ಖಾಲಿ. ಮನೆ ಮಗಳು ಮೆಲಿಂಡಾ ಒಂದು ಮ್ಯಾಗಜೀನ್ ಪ್ರಶ್ನಾವಳಿ ತಗೊಂಡು ಯೂನಿಸ್ ಜೊತೆ ಆಡೋಕೆ ಕೂರ್ತಾಳೆ, ಪಾಪ ಒಳ್ಳೇ ಮನಸ್ಸಿಂದ್ಲೇ, ಯೂನಿಸ್ ಇಟ್ಕೊಂಡಿರೋ ಕನ್ನಡಕ ಬರೀ ಗಾಜು ಅಂತ ಗೊತ್ತಾಗುತ್ತೆ, ಓದೋಕೆ ಬರಲ್ವಾ ಅನ್ನೋ ಸಂಗತಿ ಹೊರಗೆ ಬೀಳುತ್ತೆ. ಆ ಹುಡುಗಿಗೆ ಅದು ಒಂದು ಮರುಕದ ಸಂಗತಿ ಅಷ್ಟೇ, ಮೊದಲ ವಾಕ್ಯ ಓದಿದ ನಮಗೆ ಮಾತ್ರ ಕೈಕಾಲು ತಣ್ಣಗಾಗುತ್ತೆ. ಟ್ವಿಸ್ಟ್ ಇಲ್ದೆ ಇಷ್ಟು ಹೆದರಿಸಿದ ಪುಸ್ತಕ ಈಚೆಗೆ ಬೇರೆ ಓದಿಲ್ಲ.

ಕೊಲೆಗಾರನನ್ನ ಮೊದಲೇ ತೋರ್ಸಿ ಆಮೇಲೆ ಹಿಡಿಯೋದನ್ನ ಬರೆಯೋ ಈ ತಿರುವುಮುರುವು ಪದ್ಧತಿಗೆ ಆರ್. ಆಸ್ಟಿನ್ ಫ್ರೀಮನ್ 1912ರಲ್ಲೇ ಒಂದು ಕಥಾಸಂಕಲನದಲ್ಲಿ ದಾರಿ ಹಾಕಿದ್ರು, ಹೊಸದೇನಲ್ಲ.

ಇನ್ನೊಂದು, ಕೇಗೊ ಹಿಗಾಶಿನೊ ಅವರ 'ದಿ ಡಿವೋಷನ್ ಆಫ್ ಸಸ್ಪೆಕ್ಟ್ ಎಕ್ಸ್' (ಜಪಾನಿನಲ್ಲಿ 2005). ಇಲ್ಲೂ ಕೊಲೆ ಶುರುವಿನಲ್ಲೇ ಕಣ್ಣೆದುರಿಗೆ ನಡೆಯುತ್ತೆ. ಕಾಟ ಕೊಡೋ ಮಾಜಿ ಗಂಡನ್ನ ಯಾಸುಕೊ ಕೊಲ್ತಾಳೆ, ಪಕ್ಕದ ಮನೆ ಗಣಿತದ ಮೇಷ್ಟ್ರು ಇಶಿಗಾಮಿ ಅದನ್ನ ಮುಚ್ಚೋ ಜವಾಬ್ದಾರಿ ಹೊತ್ಕೊಳ್ತಾರೆ. ರೆಂಡೆಲ್ ಥರಾನೇ ಅಂದ್ಕೊಂಡು ಆರಾಮಾಗಿ ಓದ್ತಾ ಹೋಗ್ತೀವಿ, ಎಲ್ಲ ಗೊತ್ತಲ್ಲ, ಪೊಲೀಸ್ರು ಅಲಿಬಿ ಹೇಗೆ ಒಡೀತಾರೆ ನೋಡೋಣ ಅಂತ. ಅಲ್ಲೇ ಏಟು ಬೀಳೋದು. ನೋಡಿದೀವಿ ಅನ್ನೋ ಧೈರ್ಯದಿಂದ್ಲೇ ನಾವು ಯಾವ ಪ್ರಶ್ನೆ ಕೇಳ್ಬೇಕು ಅನ್ನೋದನ್ನೇ ಬಿಟ್ಟಿರ್ತೀವಿ. ಇಶಿಗಾಮಿ ಪರೀಕ್ಷೆ ಪ್ರಶ್ನೆಪತ್ರಿಕೆ ಬಗ್ಗೆ ಮಾತಾಡ್ತಾ, ನೋಡೋಕೆ ರೇಖಾಗಣಿತದ ಲೆಕ್ಕ, ಬಿಡಿಸೋಕೆ ಹೋದ್ರೆ ಬೀಜಗಣಿತ ಅಂತಾರೆ. ಉತ್ತರ ಪೂರ್ತಿ ಆ ಮಾತಲ್ಲಿದೆ, ನಾವು ಅದನ್ನ ಮೇಷ್ಟ್ರ ಸ್ವಭಾವ ಅಂದ್ಕೊಂಡು ದಾಟಿಬಿಡ್ತೀವಿ. ಇದರ ಗುಟ್ಟು ಇಷ್ಟಕ್ಕೇ ನಿಲ್ಲಿಸ್ತೀನಿ.

ಒಂದು ಶಾರ್ಟ್‌ಕಟ್, ಇದು ನಂದೇ: ಎರಡನೇ ಓದಿಗೆ ಪುಸ್ತಕ ಪೂರ್ತಿ ಓದೋದು ಬೇಡ. ಗಡಿಯಾರದ ಸಮಯ, ತಾರೀಖು, ದೂರ, ಇವು ಬಂದ ಸಾಲುಗಳನ್ನ ಮಾತ್ರ ಪೆನ್ಸಿಲ್‌ನಲ್ಲಿ ಗುರುತು ಮಾಡ್ಕೊಳ್ಳಿ. ಅಂಕಿ ಕಂಡ್ರೆ ಓದೋರ ಕಣ್ಣು ಜಾರುತ್ತೆ ಅಂತ ಬರೆಯೋರಿಗೆ ಚೆನ್ನಾಗಿ ಗೊತ್ತು, ಅದಕ್ಕೇ ಅಲ್ಲಿ ಇಟ್ಟಿರ್ತಾರೆ. ಆಕ್ರಾಯ್ಡ್‌ಗೂ ಇದು ನಡೆಯುತ್ತೆ, ಸಸ್ಪೆಕ್ಟ್ ಎಕ್ಸ್‌ಗೂ ನಡೆಯುತ್ತೆ. ರೆಂಡೆಲ್‌ಗೆ ನಡೆಯಲ್ಲ, ಅಲ್ಲಿ ಹುಡುಕೋಕೆ ಏನೂ ಇಲ್ಲ.

ಮುಂದೆ ಓದೋಕೆ ಎತ್ತಿಟ್ಟಿರೋದು

ವಿಲ್ಕಿ ಕಾಲಿನ್ಸ್, 'ದಿ ಮೂನ್‌ಸ್ಟೋನ್' (1868). ದಪ್ಪ ಪುಸ್ತಕ, ಅದಕ್ಕೇ ಮುಂದೂಡ್ತಾ ಬಂದಿದ್ದು. ಈಗ ಮೊದಲ ಸ್ಥಾನಕ್ಕೆ ಬಂದಿರೋದು ಯಾಕಂದ್ರೆ ಒಬ್ಬೊಬ್ರೂ ತಮಗೆ ಆಗ ಗೊತ್ತಿದ್ದಷ್ಟನ್ನೇ ಬರೀಬೇಕು ಅನ್ನೋ ಷರತ್ತಿನ ಮೇಲೆ ಹಲವು ಜನ ಕಥೆ ಹೇಳ್ತಾರೆ, ಅಂದ್ರೆ ಕಾಲಂ ಎಳೆಯೋ ಕೆಲಸ ಲೇಖಕನೇ ಮಾಡಿಟ್ಟಿದಾನೆ.

ಆಂಟನಿ ಬರ್ಕ್ಲಿ, 'ದಿ ಪಾಯ್ಸನ್ಡ್ ಚಾಕೊಲೇಟ್ಸ್ ಕೇಸ್' (1929). ಒಂದೇ ಕೊಲೆ, ಪೊಲೀಸ್ ಅಧಿಕಾರಿ ಎಲ್ರ ಮುಂದೆ ಇಟ್ಟ ಅದೇ ಸಂಗತಿಗಳು, ಆರು ಜನ ಆರು ಬೇರೆ ಉತ್ತರ ಕೊಡ್ತಾರೆ. ಪುಟದಲ್ಲಿರೋದು ಹೆಚ್ಚುಕಮ್ಮಿ ಹಾಗೇ ಇದ್ದು, ನಂಬಿರೋದು ಮಾತ್ರ ಪ್ರತಿ ಸಲ ಪಲ್ಟಿ. ಇದೇ ಬರ್ಕ್ಲಿ ಫ್ರಾನ್ಸಿಸ್ ಐಲ್ಸ್ ಅನ್ನೋ ಹೆಸರಲ್ಲಿ 1931ರಲ್ಲಿ 'ಮ್ಯಾಲಿಸ್ ಅಫೋರ್‌ಥಾಟ್' ಬರೆದ್ರು, ಅದು ಹೆಂಡತಿನ ಕೊಲ್ಲೋಕೆ ತೀರ್ಮಾನಿಸಿರೋ ಡಾಕ್ಟರಿಂದ ಶುರು, ಅದನ್ನೂ ಸೇರಿಸ್ಕೊಂಡಿದ್ದೀನಿ.

ಜೋಸೆಫೀನ್ ಟೇ, 'ದಿ ಡಾಟರ್ ಆಫ್ ಟೈಮ್' (1951). ಇನ್ಸ್‌ಪೆಕ್ಟರ್ ಗ್ರಾಂಟ್ ಆಸ್ಪತ್ರೆ ಮಂಚದಲ್ಲೇ ಮಲಗಿ ಇಂಗ್ಲೆಂಡಿನ ರಾಜ ಮೂರನೇ ರಿಚರ್ಡ್ ನಿಜಕ್ಕೂ ತನ್ನ ಅಣ್ಣನ ಮಕ್ಕಳಾದ ಇಬ್ರು ರಾಜಕುಮಾರರನ್ನ ಕೊಲ್ಲಿಸಿದ್ನಾ ಅಂತ ಹುಡುಕ್ತಾನೆ. ಸಾಕ್ಷಿಗಳೆಲ್ಲ ಸತ್ತು ನೂರಾರು ವರ್ಷ ಆಗಿದೆ, ಕೈಲಿರೋದು ಪುಸ್ತಕ, ದಾಖಲೆ, ಒಂದು ಚಿತ್ರಪಟ. ಪತ್ತೇದಾರ ಓದುಗನ ಥರಾನೇ ಕೂತು ಓದೋ ಕಾದಂಬರಿ ಇದು, ಆ ಎರಡು ಕಾಲಂ ನಡುವೆ ಎಷ್ಟು ದೂರ ಉಳಿಯುತ್ತೆ ಅಂತ ನೋಡ್ಬೇಕು.

ಜಾನ್ ಡಿಕ್ಸನ್ ಕಾರ್, 'ದಿ ಹಾಲೋ ಮ್ಯಾನ್' (1935). ಒಳಗಿಂದ ಬೀಗ ಹಾಕಿದ ಕೋಣೆ ಕೊಲೆಗಳ ಬಗ್ಗೆ ಪತ್ತೇದಾರ ಡಾಕ್ಟರ್ ಫೆಲ್ ಕೊಡೋ ಪಾಠ 17ನೇ ಅಧ್ಯಾಯದಲ್ಲಿದೆ. ಬರೆಯೋರು ಬಹಳ ಜನ ಆ ಅಧ್ಯಾಯ ಒಂದನ್ನೇ ಕಿತ್ಕೊಂಡು ಓದ್ತಾರೆ, ಹಾಗೆ ಮಾಡ್ಬೇಡಿ, ಆ ಪಾಠದ ಮಧ್ಯದಲ್ಲೇ ಈ ಕಥೆಯ ಸುಳಿವನ್ನೂ ಎಲ್ಲೋ ತುರುಕಿರ್ತಾನೆ ಅಂತ ನನ್ನ ಗುಮಾನಿ, ಮೊದಲ ಪುಟದಿಂದ್ಲೇ ಕಾಲಂ ಹಾಕ್ಕೊಂಡು ಹೋಗ್ತೀನಿ.